ಆಡುವ ಮಗುವೂ ಗುರುತ್ವಕೇಂದ್ರವೂ

ಮೂವತ್ತು ಸೆಂಟಿಮೀಟರ್ ಉದ್ದದ ಒಂದು ಮರದ ಅಳತೆಪಟ್ಟಿಯನ್ನು ತೆಗೆದುಕೊಳ್ಳಿ. ಅದರ ಒಂದು ತುದಿಗೆ ಹಸಿ ಜೇಡಿಮಣ್ಣಿನ ಸಣ್ಣ ಉಂಡೆಯೊಂದನ್ನು ಮೆತ್ತಿರಿ. ಈಗ ಆ ಪಟ್ಟಿಯನ್ನು ಒಂದೇ ಬೆರಳಿನ ಮೇಲೆ ಸಮತೂಕವಾಗಿ ನಿಲ್ಲಿಸಬೇಕು. ಬೆರಳನ್ನು ಎಲ್ಲಿ ಇಡುವಿರಿ?

ಈ ಪ್ರಶ್ನೆಯನ್ನು ಪದವಿ ತರಗತಿಯ ವಿದ್ಯಾರ್ಥಿಗಳ ಮುಂದೆ ನಾನು ಹಲವು ಸಲ ಇಟ್ಟಿದ್ದೇನೆ. ಗುರುತ್ವಕೇಂದ್ರದ ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸಬಲ್ಲವರು, ಪಟ್ಟಿ ಕೈಗೆ ಬಂದೊಡನೆ ಬೆರಳನ್ನು ಹದಿನೈದನೆಯ ಗೆರೆಯ ಕೆಳಗೆ ಇಡುತ್ತಾರೆ. ಪಟ್ಟಿ ಬೀಳುತ್ತದೆ; ಎಲ್ಲರೂ ನಗುತ್ತಾರೆ; ಆಮೇಲೆ ಲೆಕ್ಕ ಆರಂಭವಾಗುತ್ತದೆ. ಪಟ್ಟಿಯ ತೂಕ ೩೦ ಗ್ರಾಂ, ಮಣ್ಣಿನ ತೂಕ ೧೦ ಗ್ರಾಂ ಎಂದು ಇಟ್ಟುಕೊಳ್ಳೋಣ. ಮಣ್ಣು ಮೂವತ್ತನೆಯ ಗೆರೆಯ ತುದಿಯಲ್ಲಿದೆ. ಸೊನ್ನೆಯ ತುದಿಯಿಂದ ಎಣಿಸುವುದಾದರೆ, ೩೦ನ್ನು ೧೫ರಿಂದಲೂ ೧೦ನ್ನು ೩೦ರಿಂದಲೂ ಗುಣಿಸಿ ಕೂಡಬೇಕು. ಬಂದ ೭೫೦ನ್ನು ಒಟ್ಟು ತೂಕವಾದ ೪೦ರಿಂದ ಭಾಗಿಸಿದರೆ ೧೮.೭೫ ಸೆಂಟಿಮೀಟರ್. ಬೆರಳು ಅಲ್ಲಿಗೆ ಹೋದರೆ ಪಟ್ಟಿ ನಿಲ್ಲುತ್ತದೆ. ಸೂತ್ರ ಅವರಿಗೆ ತಿಳಿಯದೆ ಇರಲಿಲ್ಲ. ಆದರೆ ಸೂತ್ರವು ತಲೆಯಲ್ಲಿತ್ತು, ಬೆರಳಿಗೆ ಇಳಿದಿರಲಿಲ್ಲ.

ಇದೇ ಪಟ್ಟಿಯನ್ನು ನಾಲ್ಕೂವರೆ ವರ್ಷದ ಮಗುವಿನ ಕೈಗೆ ಕೊಟ್ಟರೆ ಏನಾದೀತು? ಪ್ರಶ್ನೆ ಹುಡುಗಾಟದ್ದೆಂದು ತೋರಬಹುದು. ಆದರೆ ಜಿನೀವಾ ನಗರದಲ್ಲಿ ಆನೆಟ್ ಕಾರ್ಮಿಲಾಫ್-ಸ್ಮಿತ್ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಎಂಬ ಇಬ್ಬರು ಮನೋವಿಜ್ಞಾನಿಗಳು ೧೯೭೦ರ ದಶಕದ ನಡುವೆ ಇದನ್ನೇ ಕ್ರಮಬದ್ಧವಾಗಿ ಪರೀಕ್ಷಿಸಿದರು. ಸುಮಾರು ನಾಲ್ಕೂವರೆಯಿಂದ ಒಂಬತ್ತು ವರ್ಷದವರೆಗಿನ ಮಕ್ಕಳಿಗೆ ಮರದ ತುಂಡುಗಳನ್ನು ಕೊಟ್ಟು, ಒಂದು ಕಿರಿದಾದ ಸರಳಿನ ಮೇಲೆ ಅವುಗಳನ್ನು ನಿಲ್ಲಿಸಲು ಹೇಳಿದರು. ಕೆಲವು ತುಂಡುಗಳು ಸಾಮಾನ್ಯವಾದವು. ಕೆಲವಕ್ಕೆ ಒಂದು ಬದಿಯಲ್ಲಿ ಕಣ್ಣಿಗೆ ಕಾಣುವಂತೆ ಭಾರವನ್ನು ಅಂಟಿಸಲಾಗಿತ್ತು. ಇನ್ನು ಕೆಲವಕ್ಕೆ ಭಾರವನ್ನು ಒಳಗೆ ಅಡಗಿಸಲಾಗಿತ್ತು.

ಫಲಿತಾಂಶ ಸೋಜಿಗದ್ದು. ನಾಲ್ಕೈದು ವರ್ಷದ ಮಕ್ಕಳು ತುಂಡನ್ನು ಸರಳಿನ ಮೇಲಿಟ್ಟು, ಅದು ಯಾವ ಕಡೆಗೆ ವಾಲುತ್ತದೆಂಬುದನ್ನು ಕೈಯಿಂದಲೇ ಅರಿತು, ಅತ್ತಿತ್ತ ಸರಿಸಿ ನಿಲ್ಲಿಸಿಬಿಟ್ಟರು. ಆರೇಳು ವರ್ಷದ ಮಕ್ಕಳು ಅದೇ ಕೆಲಸದಲ್ಲಿ ಸೋತರು! ಅವರು ಪ್ರತಿಯೊಂದು ತುಂಡನ್ನೂ ನಟ್ಟನಡುವೆಯೇ ಇಟ್ಟರು. ನಿಲ್ಲದಿದ್ದಾಗ ಮತ್ತೆ ನಡುವೆಯೇ ಇನ್ನಷ್ಟು ಎಚ್ಚರದಿಂದ ಇಟ್ಟರು. ಕೊನೆಗೆ ‘ಇದು ನಿಲ್ಲುವಂಥದ್ದೇ ಅಲ್ಲ’ ಎಂದು ಪಕ್ಕಕ್ಕೆ ತಳ್ಳಿದರು. ಎಂಟೊಂಬತ್ತು ವರ್ಷದವರು ಮತ್ತೆ ಗೆದ್ದರು, ಈ ಸಲ ಭಾರ ಎಲ್ಲಿದೆಯೆಂದು ಯೋಚಿಸಿ.

ನಡುವಿನ ವಯಸ್ಸಿನ ಮಕ್ಕಳು ದಡ್ಡರಾದರೆಂದು ಇದರ ಅರ್ಥವಲ್ಲ. ಅವರಿಗೆ ಒಂದು ಸಿದ್ಧಾಂತ ದೊರೆತಿತ್ತು: ವಸ್ತುಗಳು ತಮ್ಮ ನಡುವಿನಲ್ಲಿ ನಿಲ್ಲುತ್ತವೆ ಎಂಬುದು. ಬಹುಪಾಲು ವಸ್ತುಗಳ ವಿಷಯದಲ್ಲಿ ಅದು ಸರಿಯಾದ ಸಿದ್ಧಾಂತವೇ. ಅದು ಸೋಲುವ ಎಡೆಗಳನ್ನು ಅವರು ಇನ್ನೂ ಸಾಕಷ್ಟು ಕಂಡಿರಲಿಲ್ಲ. ಸಿದ್ಧಾಂತವನ್ನು ಬಿಡುವುದಕ್ಕಿಂತ ತುಂಡನ್ನು ಬಿಡುವುದು ಸುಲಭವಾಗಿತ್ತು. (ವಿಜ್ಞಾನದ ಇತಿಹಾಸವನ್ನು ಓದಿದವರಿಗೆ ಈ ನಡವಳಿಕೆಯ ಪರಿಚಯ ಚೆನ್ನಾಗಿಯೇ ಇದೆ, ದೊಡ್ಡ ದೊಡ್ಡವರೂ ಹೀಗೆ ಮಾಡಿದ್ದಾರೆ.) ಪಟ್ಟಿಯನ್ನು ಹದಿನೈದರ ಗೆರೆಯಲ್ಲಿ ಹಿಡಿದ ನಮ್ಮ ಪದವಿ ವಿದ್ಯಾರ್ಥಿ ನಿಂತಿರುವುದು ಆರು ವರ್ಷದ ಮಗುವಿನ ಜಾಗದಲ್ಲಿ. ಆ ಮಗುವಿಗೆ ಇನ್ನಷ್ಟು ತುಂಡುಗಳು ಬೇಕಿದ್ದವು. ಇವನಿಗೂ ಬೇಕಿದ್ದವು; ಹದಿನಾಲ್ಕು ವರ್ಷದ ಹಿಂದೆ ಯಾರೂ ಕೊಡಲಿಲ್ಲ.

ಶಿಶುವಿಹಾರದಲ್ಲಿ ಆಟಕ್ಕೆ ಏನು ಸ್ಥಾನ ಎಂಬ ವಿಷಯವನ್ನು ಭೌತವಿಜ್ಞಾನದ ಉಪನ್ಯಾಸಕನೊಬ್ಬನು ಎತ್ತಿಕೊಂಡದ್ದು ಏತಕ್ಕೆಂದು ವಾಚಕರಿಗೆ ಈಗ ತಿಳಿದಿರಬಹುದು. ಇನ್ನೊಂದು ಕಾರಣವೂ ಉಂಟು. ಶಿಶುವಿಹಾರವನ್ನು ಕಟ್ಟಿದ ಮಹನೀಯನು ಮೂಲತಃ ಹರಳುಗಳನ್ನು ಅಭ್ಯಸಿಸುತ್ತಿದ್ದವನು.

ಫ್ರೀಡ್ರಿಕ್ ಫ್ರೋಬೆಲ್ ಹುಟ್ಟಿದ್ದು ೧೭೮೨ರಲ್ಲಿ, ಜರ್ಮನಿಯ ತುರಿಂಗಿಯಾ ಪ್ರಾಂತದಲ್ಲಿ. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯಾನ್ ಸ್ಯಾಮ್ಯುಯೆಲ್ ವೈಸ್ ಎಂಬ ಪ್ರಾಧ್ಯಾಪಕರಿದ್ದರು. ಸ್ಫಟಿಕಗಳನ್ನು ಅವುಗಳ ಅಕ್ಷಗಳಿಗೆ ಅನುಸಾರವಾಗಿ ವರ್ಗೀಕರಿಸಿದವರಲ್ಲಿ ಅವರು ಮೊದಲಿಗರು. ಫ್ರೋಬೆಲ್ ಅವರ ಬಳಿ ಓದಿ, ೧೮೧೪ರಿಂದ ೧೮೧೬ರವರೆಗೆ ಅಲ್ಲಿಯ ಖನಿಜ ಸಂಗ್ರಹಾಲಯದಲ್ಲಿ ಅವರ ಸಹಾಯಕನಾಗಿದ್ದನು. ಉಪ್ಪಿನ ಹರಳು ಘನಾಕಾರವಾಗಿಯೂ ಬೆಣಚುಕಲ್ಲಿನ ಹರಳು ಆರು ಮುಖದ ಕಂಬವಾಗಿಯೂ ಬೆಳೆಯುತ್ತವೆ; ಒಳಗಿನ ಕ್ರಮವೇ ಹೊರಗಿನ ಆಕಾರವಾಗಿ ಹೊಮ್ಮುತ್ತದೆ. ಮಗುವಿನ ಮನಸ್ಸೂ ಹೀಗೆ ಒಳಗಿನ ಕ್ರಮದಿಂದ ಹೊರಕ್ಕೆ ಬೆಳೆಯುವುದೆಂದು ಅವನು ನಂಬಿದನು. ೧೮೩೭ರಲ್ಲಿ ಬಾದ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಅವನು ತೆರೆದ ಸಂಸ್ಥೆಗೆ ೧೮೪೦ರಲ್ಲಿ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂಬ ಹೆಸರು ಬಂತು.

ಆ ತೋಟದಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಆಟದ ಸಾಮಾನುಗಳನ್ನು ಫ್ರೋಬೆಲ್ ‘ಕೊಡುಗೆ’ಗಳೆಂದು ಕರೆದನು. ಮೊದಲನೆಯದು ಬಣ್ಣದ ನೂಲಿನ ಚೆಂಡುಗಳು. ಎರಡನೆಯದು ಮರದ ಗೋಲ, ಘನ, ಸಿಲಿಂಡರು. ಈ ಎರಡನೆಯ ಕೊಡುಗೆಯಲ್ಲಿ ಒಂದು ಅಂದವಾದ ಆಟವಿದೆ. ಘನವನ್ನು ದಾರದಿಂದ ತೂಗಿಹಾಕಿ, ದಾರವನ್ನು ಹುರಿಗೊಳಿಸಿ ಬಿಟ್ಟರೆ ಅದು ಗಿರ್ರನೆ ತಿರುಗುತ್ತದೆ. ತಿರುಗುವಾಗ ಘನ ಮಾಯವಾಗಿ ಸಿಲಿಂಡರಿನ ಆಕೃತಿ ಕಾಣುತ್ತದೆ. ಮೂರು ವರ್ಷದ ಮಗು ಇದನ್ನು ನೋಡಿ ಕಿಲಕಿಲನೆ ನಗುತ್ತದೆ. ಪರಿಭ್ರಮಣಘನವೆಂದು ನಾವು ಕಲನಶಾಸ್ತ್ರದ ತರಗತಿಯಲ್ಲಿ ಬರೆಸುವುದು ಇದನ್ನೇ. ಮೂರನೆಯ ಕೊಡುಗೆ ಎಂಟು ಸಣ್ಣ ಘನಗಳಾಗಿ ಒಡೆಯುವ ಒಂದು ದೊಡ್ಡ ಘನ. ಒಡೆಯಬಹುದು, ಮತ್ತೆ ಕೂಡಿಸಬಹುದು. ಹರಳನ್ನು ಒಡೆದರೆ ಸಣ್ಣ ಹರಳುಗಳಾಗುವುದನ್ನು ಕಂಡವನಿಗಲ್ಲದೆ ಇಂಥ ಆಟಿಕೆ ಹೊಳೆಯುತ್ತಿತ್ತೋ ಇಲ್ಲವೋ.

ಪ್ರಷ್ಯಾದ ಸರ್ಕಾರ ೧೮೫೧ರಲ್ಲಿ ಈ ಮಕ್ಕಳ ತೋಟಗಳನ್ನು ನಿಷೇಧಿಸಿತು. ನಾಸ್ತಿಕತೆಯನ್ನೂ ಸಮಾಜವಾದವನ್ನೂ ಅಲ್ಲಿ ಬಿತ್ತುತ್ತಾರೆಂಬುದು ಆರೋಪ. ಫ್ರೋಬೆಲ್‌ನನ್ನು ಅವನ ಅಣ್ಣನ ಮಗನೊಡನೆ ಗೊಂದಲಮಾಡಿಕೊಂಡದ್ದೂ ಇದಕ್ಕೆ ಕಾರಣ. ಮರುವರ್ಷವೇ ಫ್ರೋಬೆಲ್ ತೀರಿಕೊಂಡನು. ನಿಷೇಧವನ್ನು ತೆಗೆದದ್ದು ೧೮೬೦ರಲ್ಲಿ. ಅಷ್ಟು ಹೊತ್ತಿಗೆ ಅವನ ಶಿಷ್ಯೆಯರು ಈ ಪದ್ಧತಿಯನ್ನು ಬೇರೆ ದೇಶಗಳಿಗೆ ಒಯ್ದಿದ್ದರು.

ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ದುಬಾರಿ ಸಲಕರಣೆಗಳನ್ನು ಬದಿಗಿಟ್ಟು, ಊರಿನಲ್ಲೇ ಸಿಗುವ ಕಾಯಿ, ಕಲ್ಲು, ಎಲೆಗಳಿಂದ ಮಕ್ಕಳಿಗೆ ಕಲಿಸತೊಡಗಿದರು. ಅಂಗಣದಲ್ಲಿಯೇ ನಡೆಯುವ ಅಂಗನವಾಡಿಯ ಕಲ್ಪನೆ ಬೆಳೆದದ್ದು ಅಲ್ಲಿ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕವೇ ಕಲಿಸಬೇಕೆಂದು ೨೦೨೨ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು.

ಹೇಳಿದ್ದಾಯಿತು. ಆದರೆ ಆಟದಿಂದ ನಿಜವಾಗಿ ಏನು ಕಲಿತಂತಾಯಿತು ಎಂದು ಅಳೆಯದೆ ಒಪ್ಪುವುದು ವಿಜ್ಞಾನದ ಓದುಗರಿಗೆ ಸಲ್ಲದು. ಎರಡು ಮೂರು ಪ್ರಯೋಗಗಳನ್ನು ನೋಡೋಣ.

ಲಾರಾ ಷುಲ್ಟ್ಸ್ ಮತ್ತು ಎಲಿಜಬೆತ್ ಬೊನಾವಿಟ್ಜ್ ಎಂಬವರು ೨೦೦೭ರಲ್ಲಿ ಒಂದು ಪೆಟ್ಟಿಗೆಯ ಪ್ರಯೋಗವನ್ನು ಪ್ರಕಟಿಸಿದರು. ಪೆಟ್ಟಿಗೆಗೆ ಎರಡು ಸನ್ನೆಗಳು. ಒತ್ತಿದರೆ ಒಳಗಿನಿಂದ ಎರಡು ಗೊಂಬೆಗಳು ಮೇಲೇಳುತ್ತವೆ. ಕೆಲವು ಮಕ್ಕಳಿಗೆ ಸನ್ನೆಗಳನ್ನು ಒಂದೊಂದಾಗಿ ಒತ್ತಿ ತೋರಿಸಲಾಯಿತು. ಯಾವ ಸನ್ನೆಗೆ ಯಾವ ಗೊಂಬೆ ಎಂಬುದು ಅವರಿಗೆ ತಿಳಿಯಿತು. ಉಳಿದವರಿಗೆ ಎರಡನ್ನೂ ಒಟ್ಟಿಗೇ ಒತ್ತಿ ತೋರಿಸಲಾಯಿತು; ಅವರಿಗೆ ಅದು ತಿಳಿಯಲಿಲ್ಲ. ಆಮೇಲೆ ಹೊಚ್ಚಹೊಸ ಪೆಟ್ಟಿಗೆಯೊಂದನ್ನು ಪಕ್ಕದಲ್ಲಿಟ್ಟು ಮಕ್ಕಳನ್ನು ಆಡಲು ಬಿಟ್ಟರು. ಮೊದಲ ಗುಂಪಿನವರು ಹೊಸದರ ಕಡೆಗೆ ಹೊರಳಿದರು. ಎರಡನೆಯ ಗುಂಪಿನವರು ಹೊಸದನ್ನು ಬಿಟ್ಟು ಹಳೆಯ ಪೆಟ್ಟಿಗೆಯೊಡನೆಯೇ ಹೆಚ್ಚು ಹೊತ್ತು ಆಡಿದರು. ಎರಡು ಕಾರಣಗಳು ಒಂದಕ್ಕೊಂದು ಬೆರೆತಿವೆ, ಅವನ್ನು ಬಿಡಿಸಬೇಕು ಎಂಬ ಅರಿವು ಶಾಲೆಯ ಮೆಟ್ಟಿಲನ್ನೇ ಹತ್ತದ ಮಗುವಿನಲ್ಲಿತ್ತು! ಒಂದು ಪರಿಮಾಣವನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಾಯಿಸಿರಿ ಎಂದು ಪ್ರಯೋಗಶಾಲೆಯಲ್ಲಿ ನಾವು ವರ್ಷವಿಡೀ ಹೇಳುವುದೂ ಇದೇ.

ಬೊನಾವಿಟ್ಜ್ ಮತ್ತು ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ನಾವು ಉಪಾಧ್ಯಾಯರು ಓದಲೇಬೇಕಾದದ್ದು. ನಾಲ್ಕರಿಂದ ಆರು ವರ್ಷದ ೮೫ ಮಕ್ಕಳು. ಕೊಳವೆಗಳಿಂದ ಮಾಡಿದ ಒಂದು ಆಟಿಕೆ. ಅದರಲ್ಲಿ ನಾಲ್ಕು ಸ್ವಾರಸ್ಯಗಳು: ಎಳೆದರೆ ಕೀಚಲು ಸದ್ದು, ಒಂದೆಡೆ ದೀಪ, ಒಂದೆಡೆ ಸ್ವರ, ಇನ್ನೊಂದೆಡೆ ಅಡಗಿದ ಕನ್ನಡಿ. ಒಂದು ಗುಂಪಿಗೆ ‘ಇದು ಹೀಗೆ ಕೆಲಸಮಾಡುತ್ತದೆ, ನೋಡು’ ಎಂದು ಕೀಚಲು ಸದ್ದನ್ನು ಪಾಠದಂತೆ ತೋರಿಸಿದರು. ಇನ್ನೊಂದು ಗುಂಪಿನ ಮುಂದೆ ಆ ಸದ್ದು ಆಕಸ್ಮಿಕವಾಗಿ ಬಂದಂತೆ ನಟಿಸಿದರು. ಪಾಠ ಹೇಳಿಸಿಕೊಂಡ ಮಕ್ಕಳು ಕೀಚಲು ಸದ್ದನ್ನೇ ಮಾಡುತ್ತ ಕುಳಿತರು. ಬೇಗ ಆಟ ನಿಲ್ಲಿಸಿದರು. ಉಳಿದ ಸ್ವಾರಸ್ಯಗಳಲ್ಲಿ ಕಡಮೆಯನ್ನು ಕಂಡುಕೊಂಡರು. ಮಗು ಇಲ್ಲಿ ತಪ್ಪು ಮಾಡಲಿಲ್ಲವೆಂಬುದೇ ಸೂಕ್ಷ್ಮ. ಬಲ್ಲವರು ಒಂದನ್ನೇ ತೋರಿಸಿದರೆ ಇರುವುದು ಅದೊಂದೇ ಎಂದು ಊಹಿಸುವುದು ತರ್ಕಬದ್ಧವೇ. ಪಾಠ ಹೇಳುವವನು ಹೇಳದೆ ಬಿಟ್ಟದ್ದೂ ಪಾಠವಾಗುತ್ತದೆ.

ಹಾಗಾದರೆ ಮಕ್ಕಳನ್ನು ಸುಮ್ಮನೆ ಬಿಟ್ಟುಬಿಟ್ಟರೆ ಸಾಕೆ? ಸಾಲದು. ೨೦೧೩ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ನಾಲ್ಕೈದು ವರ್ಷದ ಮಕ್ಕಳಲ್ಲಿ ಒಂದು ಗುಂಪಿಗೆ ತ್ರಿಭುಜವೇ ಮೊದಲಾದ ಆಕೃತಿಗಳನ್ನು ನೇರವಾಗಿ ಹೇಳಿಕೊಟ್ಟರು. ಒಂದು ಗುಂಪನ್ನು ಅದೇ ಸಾಮಾನಿನೊಡನೆ ಸ್ವೇಚ್ಛೆಯಾಗಿ ಆಡಲು ಬಿಟ್ಟರು. ಮೂರನೆಯ ಗುಂಪಿನಲ್ಲಿ ಮಕ್ಕಳು ಆಕೃತಿಗಳ ಗುಟ್ಟನ್ನು ಹುಡುಕುವ ಪತ್ತೇದಾರರಾದರು, ಹಿರಿಯರು ಪ್ರಶ್ನೆ ಕೇಳುತ್ತ ಜೊತೆಯಲ್ಲಿದ್ದರು. ತಲೆಕೆಳಗಾದ, ಕಡ್ಡಿಯಂತೆ ಸಪುರವಾದ ತ್ರಿಭುಜವನ್ನೂ ತ್ರಿಭುಜವೆಂದು ಹೆಚ್ಚಾಗಿ ಗುರುತಿಸಿದವರು ಮೂರನೆಯ ಗುಂಪಿನವರು; ಒಂದು ವಾರದ ಮೇಲೂ ಅದು ಅವರಲ್ಲಿ ಉಳಿದಿತ್ತು. ಸ್ವೇಚ್ಛೆಯಾಗಿ ಆಡಿದವರು ಆಕೃತಿಗಳ ಬಗ್ಗೆ ಹೆಚ್ಚೇನೂ ಕಲಿಯಲಿಲ್ಲ. ಕಟ್ಟುಕಥೆಯ ಆಟ, ಮನೆಯಾಟ ಮುಂತಾದವು ಬುದ್ಧಿಯನ್ನು ಬೆಳೆಸುತ್ತವೆಂಬ ಮಾತಿಗೂ ನಂಬಲರ್ಹವಾದ ಸಾಕ್ಷ್ಯ ಕಡಮೆಯೆಂದು ಅದೇ ವರ್ಷ ಏಂಜಲೀನ್ ಲಿಲ್ಲಾರ್ಡ್ ಮತ್ತು ಸಂಗಡಿಗರು ತೋರಿಸಿದರು. ಆಟದ ಪಕ್ಷಪಾತಿಗಳು ಇದನ್ನು ಮರೆಮಾಚಬಾರದು.

ಈಗ ನಮ್ಮ ಕಡೆಗೆ ಬರೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಈ ಸೀಮೆಯಲ್ಲಿ ನೆಲದಡಿಯೆಲ್ಲ ಸುಣ್ಣಕಲ್ಲು. ಕೋಡ್ಲಾ, ಮಳಖೇಡ, ವಾಡಿಗಳ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಅದನ್ನು ನಂಬಿ. ಪದರಪದರವಾಗಿ ಏಳುವ ಈ ಕಲ್ಲು ಶಹಾಬಾದ ಕಲ್ಲೆಂದು ದೇಶದ ಎಷ್ಟೋ ಮನೆಗಳಿಗೆ ನೆಲವಾಗಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇದೇ ಸೇಡಂ ತಾಲ್ಲೂಕಿನ ಮಳಖೇಡ. ಅಮೋಘವರ್ಷನ ಆಶ್ರಯದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನು ಲೆಕ್ಕಗಳಿಗೆ ದುಂಬಿಗಳ, ಹಣ್ಣುಗಳ, ಮುತ್ತುಗಳ ಉಡುಗೆ ತೊಡಿಸಿದ್ದನು. ಲೆಕ್ಕವೂ ಆಟದಂತೆ ಬರಲಿ ಎಂಬ ಆಸೆ ಈ ನೆಲಕ್ಕೆ ಹೊಸದಲ್ಲ.

೨೦೨೪-೨೫ನೆಯ ಸಾಲಿನಿಂದ ಕಲ್ಯಾಣ ಕರ್ನಾಟಕದ ಸುಮಾರು ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳನ್ನು ತೆರೆಯುವ ಯೋಜನೆಯನ್ನು ಪ್ರದೇಶಾಭಿವೃದ್ಧಿ ಮಂಡಳಿ ಕೈಗೊಂಡಿತು. ಮೂರರಿಂದ ಆರು ವರ್ಷದ ಮಕ್ಕಳು ಅತ್ತ ಹೋದರೆ ತಮ್ಮ ಕೇಂದ್ರಗಳ ಗತಿಯೇನೆಂದು ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟಿಸಿದರು. ಮಕ್ಕಳು ಯಾವ ಕೋಣೆಯಲ್ಲಿ ಕೂಡಬೇಕೆಂಬ ಚರ್ಚೆ ಬಹಳ ನಡೆಯಿತು. ಆ ಕೋಣೆಯೊಳಗೆ ಅವರು ಏನು ಮಾಡಬೇಕೆಂಬ ಚರ್ಚೆ ಅಷ್ಟು ಕೇಳಿಬರಲಿಲ್ಲ.

ತಂದೆತಾಯಿಯರ ಮಾತನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ‘ಆಟ ಆಡಲಿಕ್ಕೆ ಶಾಲೆ ಯಾಕ್ರೀ ಬೇಕು? ಓಣಿಯೊಳಗ ಆಡ್ತಾವಲ್ಲ’ ಎಂದು ಕೇಳುವ ತಾಯಿಗೆ ತನ್ನ ಮಗು ಅಕ್ಷರದಲ್ಲಿ ಹಿಂದೆ ಬಿದ್ದರೆ ಎತ್ತಿ ಹಿಡಿಯುವವರು ಮನೆಯಲ್ಲಿ ಯಾರೂ ಇಲ್ಲ. ಓದಿದವರ ಮನೆಯ ಮಗುವಿಗೆ ಶಾಲೆಯಲ್ಲಿ ಆಟ ಸಿಕ್ಕರೂ ಮನೆಯಲ್ಲಿ ಅಕ್ಷರ ಸಿಗುತ್ತದೆ. ಆದುದರಿಂದ ಆಕೆಗೆ ಬರವಣಿಗೆಯ ಪಟ್ಟಿಯೇ ಕಲಿಕೆಯ ರಸೀದಿ. ಆದರೆ ಓಣಿಯೂ ಮೊದಲಿನ ಓಣಿಯಾಗಿ ಉಳಿದಿಲ್ಲ. ಸಿಮೆಂಟಿನ ಲಾರಿಗಳು ಓಡಾಡುವ ದಾರಿಯ ಪಕ್ಕದಲ್ಲಿ ಮಗುವನ್ನು ಬುಗುರಿಯಾಡಲು ಬಿಡುವ ತಾಯಿ ಯಾರು? ಓಣಿಯಲ್ಲಿ ಸಿಗದ ಇನ್ನೊಂದು ಸಂಗತಿಯೂ ಕೋಣೆಯಲ್ಲಿ ಸಿಗಬಲ್ಲದು: ಆಡುತ್ತಿರುವಾಗ ಪಕ್ಕದಲ್ಲಿ ಕುಳಿತು ‘ಇದು ಯಾಕೆ ಬಿತ್ತು?’ ಎಂದು ಕೇಳಿ, ಉತ್ತರ ಹೇಳದೆ ಸುಮ್ಮನಿರಬಲ್ಲ ಹಿರಿಯರೊಬ್ಬರು. ಈ ಸುಮ್ಮನಿರುವಿಕೆಗೆ ತರಬೇತಿ ಬೇಕು. ನನಗಂತೂ ಇನ್ನೂ ಪೂರ್ತಿ ಸಾಧಿಸಿಲ್ಲ.

ಸಾಮಾನಿಗೆ ನಮ್ಮಲ್ಲಿ ಬಡತನವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಾಡುವ ಎತ್ತುಗಳನ್ನೇ ನೋಡಿರಿ. ಕಾಲು ಸಪುರವಾಗಿ, ಹಿಣಿಲು ದೊಡ್ಡದಾಗಿ ಮಾಡಿದ ಎತ್ತು ಮುಗ್ಗರಿಸುತ್ತದೆ. ಮಗು ಕಾಲುಗಳನ್ನು ಅಗಲಿಸುತ್ತದೆ. ತಳದ ಹರವಿನೊಳಗೆ ಗುರುತ್ವಕೇಂದ್ರದ ಲಂಬರೇಖೆ ಬೀಳಬೇಕೆಂಬ ನಿಯಮಕ್ಕೆ ಅದು ಶರಣಾಯಿತು. ಎರೆಮಣ್ಣಾದರೆ ಒಣಗುವಾಗ ಕುಗ್ಗಿ ಬಿರುಕುಬಿಡುತ್ತದೆ. ಜೇಡಿನ ಕಣಗಳ ಪದರಗಳ ನಡುವೆ ಸೇರಿದ್ದ ನೀರು ಹೊರಟುಹೋಗುವುದೇ ಕಾರಣ. ತೊಗರಿಯ ಜಿಲ್ಲೆ ಇದು: ಒಂದು ಲೋಟ ತೊಗರಿಯನ್ನು ಅಗಲವಾದ ಬಟ್ಟಲಿಗೆ ಸುರಿದರೆ ಕಡಮೆಯಾಯಿತೆಂದೇ ಐದು ವರ್ಷದ ಮಗು ಹೇಳುತ್ತದೆ. ಜೀನ್ ಪಿಯಾಜೆ ಇದನ್ನು ವಿವರವಾಗಿ ಅಭ್ಯಸಿಸಿದನು. ಏಳು ವರ್ಷದ ಸುಮಾರಿಗೆ ಮಗು ತಾನಾಗಿ ಈ ಅಭಿಪ್ರಾಯವನ್ನು ಬಿಡುತ್ತದೆ. ಅಲ್ಲಿಯವರೆಗೆ ಅದು ಸುರಿಯಲಿ, ತುಂಬಲಿ.

ನಾಗರಪಂಚಮಿಯ ಜೋಕಾಲಿಯನ್ನು ಹೇಗೆ ಬಿಡಲಿ? ನಾಲ್ಕು ಮೀಟರ್ ಉದ್ದದ ಜೋಕಾಲಿ ಒಂದು ಸಲ ಹೋಗಿಬರಲು ಸುಮಾರು ೪ ಸೆಕೆಂಡುಗಳು ಬೇಕು. ಒಂದು ಮೀಟರಿನದಕ್ಕೆ ೨ ಸೆಕೆಂಡು. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡೇ ಪಟ್ಟು. ಕೂತವರು ಅಕ್ಕನೋ ತಂಗಿಯೋ, ತೂಕದಿಂದ ಕಾಲ ಬದಲಾಗದು. ಸಣ್ಣ ತೂಗಿನಲ್ಲಂತೂ ಎಷ್ಟು ದೂರ ತೂಗಿದರೂ ಅಷ್ಟೇ. ಗಡಿಯಾರ ನೋಡಲು ಬಾರದ ಮಗುವಿಗೂ ಯಾವ ಕ್ಷಣದಲ್ಲಿ ತಳ್ಳಬೇಕೆಂಬುದು ಗೊತ್ತು. ಅನುರಣನವೆಂಬ ಪಾಠ ಬಂದಾಗ ಆ ನೆನಪು ಕೈಯಲ್ಲಿ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವನ್ನು ನಾನು ತರಗತಿಯಲ್ಲಿ ಕಾಣುತ್ತೇನೆ.

ಕಲ್ಲಿನ ಗಣಿಗಳ ಪಕ್ಕದಲ್ಲಿ ಚಪ್ಪಡಿಯ ತುಂಡುಗಳು ಬೇಕಾದಷ್ಟು. ಅಂಚನ್ನು ಚೆನ್ನಾಗಿ ಉಜ್ಜಿ ಕೊಟ್ಟರೆ ಫ್ರೋಬೆಲ್‌ನ ಕೊಡುಗೆಗಳಿಗೆ ಸಾಟಿಯಾದಾವು (ಉಜ್ಜದೆ ಕೊಡಕೂಡದು, ಈ ಕಲ್ಲಿನ ಅಂಚು ಬೆರಳನ್ನು ಕುಯ್ಯುತ್ತದೆ). ನಿಮಗೆ ಅದರ ಬದಲು ಪುಸ್ತಕಗಳೇ ಸಾಕು. ೨೪ ಸೆಂಟಿಮೀಟರ್ ಉದ್ದದ, ಒಂದೇ ತೂಕದ ನಾಲ್ಕು ಪುಸ್ತಕಗಳನ್ನು ಮೇಜಿನ ಅಂಚಿನಲ್ಲಿ ಒಂದರ ಮೇಲೊಂದಾಗಿ ಇಡಿ. ಎಲ್ಲಕ್ಕಿಂತ ಮೇಲಿನದನ್ನು ಅದರ ಕೆಳಗಿನದಕ್ಕಿಂತ ೧೨ ಸೆಂಟಿಮೀಟರ್ ಮುಂದಕ್ಕೆ, ಎರಡನೆಯದನ್ನು ೬, ಮೂರನೆಯದನ್ನು ೪, ಅಡಿಯದನ್ನು ಮೇಜಿನಂಚಿಗಿಂತ ೩ ಸೆಂಟಿಮೀಟರ್ ಮುಂದಕ್ಕೆ ಚಾಚಬಹುದು. ಒಟ್ಟು ೨೫. ಮೇಲಿನ ಪುಸ್ತಕ ಪೂರ್ತಿಯಾಗಿ ಮೇಜಿನ ಹೊರಗೆ ನಿಂತಿರುತ್ತದೆ! ಕೂದಲೆಳೆಯಷ್ಟು ಹೆಚ್ಚಿದರೂ ಬೀಳುವ ಎಲ್ಲೆ ಇದು. ಐದನೆಯ ಪುಸ್ತಕವನ್ನು ಸೇರಿಸಿಕೊಂಡರೆ ಕೆಲಸ ಸುಲಭ.

ಇನ್ನು ಆ ಅಳತೆಪಟ್ಟಿಯ ವಿಷಯ. ಲೆಕ್ಕವಿಲ್ಲದೆಯೂ ಗುರುತ್ವಕೇಂದ್ರವನ್ನು ಕಂಡುಹಿಡಿಯಬಹುದು. ಎರಡು ಕೈಗಳ ತೋರುಬೆರಳುಗಳನ್ನು ಪಟ್ಟಿಯ ಎರಡು ತುದಿಗಳ ಕೆಳಗಿಟ್ಟು, ಮೆಲ್ಲನೆ ಒಂದರತ್ತ ಒಂದನ್ನು ತನ್ನಿರಿ. ಕಣ್ಣು ಮುಚ್ಚಿಕೊಂಡೇ ಮಾಡಿರಿ. ಕೇಂದ್ರಕ್ಕೆ ಹತ್ತಿರವಿರುವ ಬೆರಳಿನ ಮೇಲೆ ಭಾರ ಹೆಚ್ಚು, ಆದುದರಿಂದ ಘರ್ಷಣೆಯೂ ಹೆಚ್ಚು. ಅದು ತಡೆಯುತ್ತದೆ, ದೂರದ ಬೆರಳು ಜಾರುತ್ತದೆ. ಹೀಗೆ ಸರದಿಯ ಮೇಲೆ ಜಾರಿ ಜಾರಿ, ಎರಡೂ ಕೂಡುವುದು ಗುರುತ್ವಕೇಂದ್ರದ ಕೆಳಗೇ.

ಕೋಡ್ಲಾದ ಕಡೆಯ ಒಂದು ಅಂಗನವಾಡಿಯಲ್ಲಿ ಈ ಪಟ್ಟಿಯನ್ನೂ ಮಣ್ಣಿನುಂಡೆಯನ್ನೂ ಒಮ್ಮೆ ಪುಟ್ಟ ಹುಡುಗಿಯೊಬ್ಬಳ ಮುಂದೆ ಇಟ್ಟು, ಪಟ್ಟಿಯನ್ನು ನಿಲ್ಲಿಸುವೆಯಾ ಎಂದು ಕೇಳಿದೆ. ಅವಳೂ ಮೊದಲು ಬೆರಳನ್ನು ನಡುವಿನಲ್ಲಿಯೇ ಇಟ್ಟಳು. ಪಟ್ಟಿ ಬಿತ್ತು. ಬೆರಳನ್ನು ಮಣ್ಣಿನ ಕಡೆಗೆ ಸರಿಸುವಳೆಂದು ನಾನು ಕಾದೆ. ಅವಳು ಬೆರಳನ್ನು ಸರಿಸಲಿಲ್ಲ. ಮಣ್ಣನ್ನು ತುದಿಯಿಂದ ಕಿತ್ತು, ಎರಡು ಉಂಡೆ ಮಾಡಿ, ಆ ತುದಿಗೊಂದು ಈ ತುದಿಗೊಂದು ಮೆತ್ತಿ, ಪಟ್ಟಿಯನ್ನು ನಡುವಿನಲ್ಲಿಯೇ ನಿಲ್ಲಿಸಿ ನನ್ನ ಮುಖ ನೋಡಿದಳು. ಪದವಿ ತರಗತಿಯಲ್ಲಿ ಅದುವರೆಗೆ ಯಾರಿಗೂ ಆ ಉಪಾಯ ಹೊಳೆದಿರಲಿಲ್ಲ; ನನಗೂ.